ಮಣಿಕಟ್ಟಿನವರೆಗೆ

ನಮ್ಮೂರಿನಲ್ಲಿ ಕೋರ್ಟು ನಿಲ್ಲು ಅಂದರೆ ನಿಲ್ಲುತ್ತದೆ. ಗಾಣಿಗರ ಬೀದಿಯ ತುದಿಯಲ್ಲಿ ಅಣ್ಣತಮ್ಮಂದಿರು ಕಿತ್ತಾಡುತ್ತಿದ್ದ ಗೋಡೆಯೊಂದು ಬೀಳಲು ಹೊರಟಿತ್ತು. ತಡೆಯಾಜ್ಞೆ ಬಂದ ಗಳಿಗೆಯಲ್ಲಿ ಎಲ್ಲಿತ್ತೋ ಅಲ್ಲೇ ವಾಲಿಕೊಂಡು ನಿಂತು ಹದಿನಾಲ್ಕು ವರ್ಷವಾಯಿತು. ಅದರ ಒಂದು ಇಟ್ಟಿಗೆ ನೆಲಕ್ಕೆ ಎರಡು ಗೇಣಿರುವಾಗ ಗಾಳಿಯಲ್ಲೇ ತಡೆದು ನಿಂತಿದೆ. ಹೂ ಮಾರುವ ದೇವೀರಮ್ಮ ಅದರ ಮೇಲೆ ತನ್ನ ಎಲೆಯಡಿಕೆ ಚೀಲ ಇಡುತ್ತಾಳೆ. ಕೆರೆ ಏರಿಯ ಮಾವಿನ ಮರದ ವ್ಯಾಜ್ಯ ಇನ್ನೂ ಮುಗಿದಿಲ್ಲವಾದ್ದರಿಂದ ಅದರ ಮಿಡಿಗಳು ಮಿಡಿಗಳಾಗಿಯೇ ಇವೆ. ಅವನ್ನು ನೋಡಿ ಬಾಯಲ್ಲಿ ನೀರೂರಿಸಿಕೊಂಡು ಹೋಗುತ್ತೇವೆಯೇ ಹೊರತು ಯಾರೂ ಕೈ ಹಾಕುವುದಿಲ್ಲ, ಕಿತ್ತರೆ ನ್ಯಾಯಾಂಗ ನಿಂದನೆ.

ಆಜ್ಞೆಯ ಕಾಗದವನ್ನು ಅಂಟಿಸುವವರು ಕೋರ್ಟಿನ ಅಮೀನರಾದ ಮೆಹಬೂಬ್ ಸಾಬರು. ಮೈದಾಹಿಟ್ಟಿನ ಗೋಂದಿನ ಡಬ್ಬಿ ಹಿಡಿದು ಅವರು ಬೀದಿಯಲ್ಲಿ ಬಂದರೆ ಇವತ್ತು ಯಾವುದು ನಿಲ್ಲುತ್ತದೋ ಎಂದು ಜನ ಬಾಗಿಲಿಗೆ ಬರುತ್ತಾರೆ. ವ್ಯಾಜ್ಯ ಮುಗಿದ ಮೇಲೆ ಅದೇ ಕಾಗದವನ್ನು ಹರಿಯುವವರೂ ಅವರೇ. ಹರಿಯುವ ಮೊದಲು ಮೂರು ಸಲ ಚಪ್ಪಾಳೆ ತಟ್ಟಿ, "ದೂರ ಸರೀರಿ, ದೂರ ಸರೀರಿ" ಎಂದು ಕೂಗುವುದು ರೂಢಿ. ಇಷ್ಟು ವರ್ಷ ನಿಂತದ್ದು ಒಂದೇ ಏಟಿಗೆ ಹೊರಟರೆ ಹೇಗಿರುತ್ತದೋ ಯಾರಿಗೆ ಗೊತ್ತು?

ನನ್ನ ದೊಡ್ಡ ಮಗಳು ಮೇದಿನಿಗೆ ಹದಿನೇಳು ವರ್ಷ ಹನ್ನೊಂದು ತಿಂಗಳು ಹತ್ತು ದಿನ. ಏಳು ವರ್ಷದಿಂದ ಅಷ್ಟೇ.

ನಮ್ಮೂರ ವೈದ್ಯಕೀಯ ಕಾಲೇಜಿನಲ್ಲಿ ಮೊದಲು ನೂರು ಸೀಟಿದ್ದವು. ಆ ವರ್ಷ ನೂರೈವತ್ತಾಗುತ್ತವೆ ಅಂದರು. ಹೊಸ ಕಟ್ಟಡ ಎದ್ದಿತ್ತು, ಅಪ್ಪಣೆಯ ಪತ್ರವೂ ಬಂದಿತ್ತು. ಮೇದಿನಿಗೆ ಸಿಕ್ಕಿದ್ದು ಆ ಹೆಚ್ಚಿನ ಐವತ್ತರಲ್ಲಿ ನಲವತ್ತೊಂದನೆಯದು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ನಮ್ಮ ಯಜಮಾನರು ಅಂದು ಬಂದ ಬಸ್ಸುಗಳ ಡ್ರೈವರುಗಳಿಗೆಲ್ಲ ಹೇಳಿದ್ದರು. ಸಂಜೆಯೊಳಗೆ ಸುತ್ತಲಿನ ಮೂರು ತಾಲ್ಲೂಕುಗಳಿಗೆ ನನ್ನ ಮಗಳು ಡಾಕ್ಟರಾಗುವ ಸುದ್ದಿ ತಲುಪಿತ್ತು.

ಪಾಠ ಶುರುವಾಗಿ ಐದು ವಾರವಾಗಿತ್ತು, ಆಗ ವೈದ್ಯ ಶಿಕ್ಷಣ ಮಂಡಳಿಯವರು ತಪಾಸಣೆಗೆ ಬಂದರು. ಬಂದದ್ದು ಆಯುಧಪೂಜೆಯ ಮಾರನೆಯ ದಿನ. ಹಬ್ಬಕ್ಕೆ ಎದ್ದು ಓಡಾಡಬಲ್ಲ ರೋಗಿಗಳೆಲ್ಲ ಊರಿಗೆ ಹೋಗಿದ್ದರು, ಅರ್ಧದಷ್ಟು ಮೇಷ್ಟ್ರುಗಳೂ ಹೋಗಿದ್ದರು. ಆಸ್ಪತ್ರೆಯ ಆಯಾಗಳು ಮಂಚಗಳಿಗೆಲ್ಲ ಕುಂಕುಮ ಹಚ್ಚಿ, ದಿಂಬಿನ ಮೇಲೆ ಒಂದೊಂದು ಚೆಂಡುಹೂ ಇಟ್ಟಿದ್ದರು. ತಪಾಸಣೆಯವರು ಲೆಕ್ಕ ಮಾಡಿ, 'ಹಾಸಿಗೆಗಳ ಮೇಲೆ ರೋಗಿಗಳ ಬದಲು ಹೂವುಗಳು ಕಂಡುಬಂದವು' ಎಂದು ಬರೆದುಕೊಂಡು ಹೋದರು. ಎರಡೇ ವಾರಕ್ಕೆ ಐವತ್ತು ಸೀಟು ರದ್ದು.

ಕಾಲೇಜಿನವರು ಕೋರ್ಟಿಗೆ ಹೋದರು. ಜೊತೆಗೆ ಮಕ್ಕಳ ಹೆಸರೂ ಇರಲಿ, ಇನ್ನೂ ಹದಿನೆಂಟು ತುಂಬದವರ ಪರವಾಗಿ ತಂದೆಯೋ ತಾಯಿಯೋ ಸಹಿ ಹಾಕಲಿ ಅಂದರು. ನಮ್ಮವರಿಗೆ ಅಂದು ಡ್ಯೂಟಿ, ಹಾಗಾಗಿ ನಾನು ಹೋದೆ. ವಕೀಲರು ನಿರಂಜನಮೂರ್ತಿ, ಹೊರಗಿನಿಂದ ಬಂದವರು, ಮೀಸೆ ಆಗಷ್ಟೇ ಗಟ್ಟಿಯಾಗುತ್ತಿತ್ತು. ಕೋರಿಕೆಯ ಕೊನೆಯ ಸಾಲನ್ನು ನನಗೆ ಓದಿ ಹೇಳಿದರು: 'ಹೆಚ್ಚುವರಿ ಐವತ್ತು ಸೀಟುಗಳ ಯಥಾಸ್ಥಿತಿಯನ್ನು ಕಾಪಾಡಬೇಕಾಗಿ ಬೇಡಿಕೆ.'

ನಾನು ಸುಮ್ಮನೆ ಸಹಿ ಹಾಕಿ ಬರಬಹುದಿತ್ತು. ಆದರೆ ಆ ಸಾಲು ಕಿವಿಗೆ ಒಣಗಿದಂತೆ ಕೇಳಿಸಿತು.

"ಸೀಟು ಅಂದ್ರೆ ಏನೋ ಮರದ ಸಾಮಾನು ಅನ್ಸುತ್ತೆ ಸ್ವಾಮಿ," ಅಂದೆ. "ಜಡ್ಜ್ ಸಾಹೇಬ್ರಿಗೂ ಮನೇಲಿ ಮಕ್ಕಳಿರ್ತಾರಲ್ವೆ? ಮಕ್ಕಳು ಅಂತ ಬರೀರಿ. ಓದಿದ ಕೂಡ್ಲೆ ಕರುಳು ಚುರ್ ಅನ್ನಲಿ."

ಅವರು ಒಂದು ಗಳಿಗೆ ಯೋಚಿಸಿ, "ಚೆನ್ನಾಗಿ ಹೇಳಿದ್ರಿ ಅಮ್ಮ" ಎಂದು ನಕ್ಕು 'ಸೀಟುಗಳ' ಎಂಬುದನ್ನು ಹೊಡೆದುಹಾಕಿ 'ಮಕ್ಕಳ' ಎಂದು ಬರೆದರು. ಅವರು ನಮ್ಮೂರಿಗೆ ಬಂದು ಒಂದೂವರೆ ತಿಂಗಳಾಗಿತ್ತಷ್ಟೇ. ನಾನು ಹುಟ್ಟಿದ್ದು ಇಲ್ಲಿ. ಗಾಳಿಯಲ್ಲಿ ನಿಂತ ಇಟ್ಟಿಗೆಯನ್ನು ದಿನಾ ನೋಡುತ್ತ ತರಕಾರಿ ತರುವವಳು ನಾನು. ನನಗಾದರೂ ಹೊಳೆಯಬೇಕಿತ್ತು.

ಆಜ್ಞೆ ಬಂದ ದಿನ ಇಡೀ ಊರೇ ಕಾಲೇಜಿನ ಮುಂದೆ ಸೇರಿತ್ತು. ಮೆಹಬೂಬ್ ಸಾಬರು ಪಾಠದ ಕೋಣೆಯ ಬಾಗಿಲಿಗೆ ಕಾಗದ ಅಂಟಿಸಿ ಗಟ್ಟಿಯಾಗಿ ಓದಿದರು: 'ಮುಂದಿನ ಆದೇಶದವರೆಗೆ ಈ ಕೆಳಕಂಡ ಐವತ್ತು ಮಕ್ಕಳ ಯಥಾಸ್ಥಿತಿಯನ್ನು ಕಾಪಾಡತಕ್ಕದ್ದು.' ನಾವು ಚಪ್ಪಾಳೆ ತಟ್ಟಿದೆವು. ಮನೆಗೆ ಬಂದು ಹೆಸರುಬೇಳೆ ಪಾಯಸ ಮಾಡಿದೆ. ಮುಂದಿನ ವಾಯಿದೆ ಎರಡು ವಾರಕ್ಕಿತ್ತು, ಎರಡು ವಾರ ಏನು ಮಹಾ?

ಮೊದಲು ಗೊತ್ತಾದದ್ದು ಉಗುರಿನಿಂದ. ಹಬ್ಬಕ್ಕೆ ಮೇದಿನಿ ಗೋರಂಟಿ ಹಾಕಿಸಿಕೊಂಡಿದ್ದಳು. ಅಂಗೈಯ ಬಣ್ಣ ಮಾಸಿ ಉಗುರಲ್ಲಿ ಮಾತ್ರ ಉಳಿದಿತ್ತು, ಬುಡದಲ್ಲಿ ಅಕ್ಕಿಕಾಳಿನಗಲ ಬಿಳಿ ಬಂದಿತ್ತು. ಸಂಕ್ರಾಂತಿಗೆ ನೋಡಿದರೂ ಅಕ್ಕಿಕಾಳಿನಗಲವೇ ಇತ್ತು. ಯುಗಾದಿಗೆ ಎಣ್ಣೆ ಹಚ್ಚಿ ತಲೆ ಬಾಚುವಾಗ ಜಡೆ ಅಳೆದೆ. ರವಿಕೆಯ ಕೆಳಗಿನ ಗುಂಡಿಯ ಹತ್ತಿರ ಮುಗಿಯುತ್ತಿದ್ದ ಜಡೆ ಅಲ್ಲೇ ಮುಗಿಯುತ್ತಿತ್ತು. ಬಾಚಣಿಗೆ ಪಕ್ಕಕ್ಕಿಟ್ಟು ಮತ್ತೊಮ್ಮೆ ಅಳೆದೆ. "ಏನಮ್ಮ, ಹೇನಾ?" ಅಂದಳು. ಹೌದು ಅಂದೆ.

ನಿರಂಜನಮೂರ್ತಿಯವರು ಪದ ತಿದ್ದಲು ಅರ್ಜಿ ಹಾಕಿದರು. ಮಂಡಳಿಯ ವಕೀಲರು ಆಕ್ಷೇಪಣೆ ಹಾಕಿದರು. ಒಬ್ಬ ನ್ಯಾಯಾಧೀಶರಿಗೆ ವರ್ಗವಾಯಿತು, ಇನ್ನೊಬ್ಬರು ರಜೆ ಹೋದರು, ಕಡತ ಕೆಳಗಿನ ಕೋಣೆಯಿಂದ ಮೇಲಿನ ಕೋಣೆಗೆ ಹೋಗಿ ಅಲ್ಲಿಂದ ಪಕ್ಕದ ಕಟ್ಟಡಕ್ಕೆ ಹೋಯಿತು. ಊರಿನವರು ನಿರಂಜನಮೂರ್ತಿಯವರಿಗೆ 'ಒಂದು ಪದದ ವಕೀಲ' ಎಂದು ಹೆಸರಿಟ್ಟರು. ಹೋಟೆಲಿನಲ್ಲಿ ಅವರು ಕಾಫಿ ಕೇಳಿದರೆ ಮಾಣಿ, "ಕಾಫಿ ಅಂದ್ರೆ ಕಾಫೀನೇ ತಾನೆ ಸಾರ್? ಆಮೇಲೆ ಪದ ಬದಲಾಯಿಸ್ಬೇಡಿ" ಅನ್ನುತ್ತಿದ್ದನಂತೆ. ಅವರು ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮಗಳು ಊಟಕ್ಕೆ ಕೂತು ಆ ವಕೀಲರನ್ನು ಬೈದಾಗ ಸಾರಿನ ಪಾತ್ರೆ ತರುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ಮೂರನೆಯ ವರ್ಷ ಕೋರ್ಟು ಮತ್ತೊಮ್ಮೆ ತಪಾಸಣೆ ಮಾಡಿ ಅಂದಿತು. ಈ ಸಲ ಮಂಚ ಖಾಲಿ ಇರಬಾರದೆಂದು ಕಾಲೇಜಿನವರು ಗಟ್ಟಿಮುಟ್ಟಾದವರನ್ನೆಲ್ಲ ಕರೆದು ಮಲಗಿಸಿದರು. ನಮ್ಮವರೂ ಒಂದು ದಿನ ರಜೆ ಹಾಕಿ, ಖಾಕಿ ಪ್ಯಾಂಟಿನ ಮೇಲೆ ದುಪ್ಪಟಿ ಹೊದ್ದು ಮಲಗಿದರು. ತಪಾಸಣೆಯವರು ಬಂದು, "ಏನು ಕಾಯಿಲೆ?" ಅಂದರಂತೆ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ಕಾಯೋ ಕಾಯಿಲೆ ಸ್ವಾಮಿ" ಅಂದುಬಿಟ್ಟರು. ಆ ವರದಿಯೂ ನಮ್ಮ ವಿರುದ್ಧವೇ ಹೋಯಿತು.

ಮೇದಿನಿ ದಿನಾ ಕಾಲೇಜಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ ಹಾಕಿಕೊಡುತ್ತಿದ್ದೆ, ಬಿಳಿ ಕೋಟು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಹೊರಡುತ್ತಿದ್ದಳು. ಅವಳ ಜೊತೆ ಸೇರಿದ ಉಳಿದ ನೂರು ಮಂದಿ ವರ್ಷ ವರ್ಷ ದಾಟಿ ಡಾಕ್ಟರಾಗಿ ಹೋದರು. ಅವರಲ್ಲೊಬ್ಬಳು, ಮೊದಲ ವಾರ ಮೇದಿನಿಯ ಪಕ್ಕ ಕೂತು ಡಬ್ಬಿ ಹಂಚಿಕೊಂಡವಳು, ಈಗ ಅಲ್ಲಿಯೇ ಪಾಠ ಹೇಳುತ್ತಾಳೆ. ಹಾಜರಿ ಕೂಗುವಾಗ ಮೇದಿನಿಯ ಹೆಸರಿಗೆ ಬಂದರೆ ಧ್ವನಿ ತಗ್ಗಿಸುತ್ತಾಳಂತೆ.

ಊರ ಸುದ್ದಿ, ಮನೆಯ ಮಾತು, ಹೊಸ ಹಾಡು ಎಲ್ಲ ಮೇದಿನಿಗೆ ನೆನಪಿರುತ್ತಿತ್ತು. ಪಾಠ ಮಾತ್ರ ಆಜ್ಞೆಯ ದಿನ ಎಲ್ಲಿತ್ತೋ ಅಲ್ಲಿಂದ ಮುಂದಿನದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆ ದಿನ ಅವರಿಗೆ ಕೈಯ ಎಲುಬುಗಳ ಪಾಠ ನಡೆಯುತ್ತಿತ್ತು, ಭುಜದಿಂದ ಶುರುವಾಗಿ ಮಣಿಕಟ್ಟಿನವರೆಗೆ ಬಂದಿತ್ತು. ಮಣಿಕಟ್ಟಿನ ಪಾಠ ಮರುದಿನಕ್ಕಿತ್ತು.

ಸಂಜೆ ನಾಲ್ಕೂವರೆಗೆ ಬಂದು ಕೈಕಾಲು ತೊಳೆದು, ಅಕ್ಕಿ ಆರಿಸುತ್ತ ಕೂತ ನನ್ನ ಪಕ್ಕ ಕೂರುತ್ತಿದ್ದಳು. ನನ್ನ ಎಡಗೈಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನಾನು ಬಲಗೈಯೊಂದರಲ್ಲೇ ಕಲ್ಲು ಹೆಕ್ಕುತ್ತಿದ್ದೆ. "ಇದು ಕ್ಲಾವಿಕಲ್, ಇದು ಸ್ಕ್ಯಾಪುಲಾ, ಇದು ಹ್ಯೂಮರಸ್" ಎಂದು ಬೆರಳಲ್ಲಿ ಒತ್ತುತ್ತ ಇಳಿಯುತ್ತಿದ್ದಳು. ಮುಂಗೈಗೆ ಬಂದರೆ ರೇಡಿಯಸ್, ಅಲ್ನಾ. ಬಳೆಗಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದಳು. ಪುಸ್ತಕ ತೆಗೆದು ಮುಂದಿನ ಎಂಟು ಎಲುಬುಗಳ ಹೆಸರನ್ನು ಹತ್ತು ಸಲ, ಇಪ್ಪತ್ತು ಸಲ ಓದುತ್ತಿದ್ದಳು. ಪುಸ್ತಕ ಮುಚ್ಚಿದರೆ ಒಂದೂ ಇಲ್ಲ. ತಿಳಿನೀರಿನ ಮೇಲೆ ಬರೆದ ಹಾಗೆ.

ಏಳು ವರ್ಷ ಕೇಳಿ ಕೇಳಿ ನನಗೇ ಬಾಯಿಪಾಠವಾಯಿತು. ಸ್ಕಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್. ಆಮೇಲೆ ಟ್ರಪೀಜಿಯಂ, ಟ್ರಪೀಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ನಾನು ಹತ್ತನೆಯ ಕ್ಲಾಸಿನವರೆಗೆ ಓದಿದವಳು. ದೋಸೆ ಹುಯ್ಯುವಾಗ, ಬಟ್ಟೆ ಹಿಂಡುವಾಗ ಆ ಹೆಸರುಗಳು ತಾವಾಗಿಯೇ ನಾಲಿಗೆಗೆ ಬರುತ್ತಿದ್ದವು. ಅವಳು ತಡವರಿಸಿದಾಗ ತಡೆಯಲಾರದೆ ಒಮ್ಮೆ "ಲೂನೇಟ್" ಅಂದುಬಿಟ್ಟೆ. ನನ್ನ ಮುಖವನ್ನೇ ನೋಡಿ, "ನೀನೇ ಹೋಗಿ ಪರೀಕ್ಷೆ ಬರಿಯಮ್ಮ" ಎಂದು ನಕ್ಕಳು. ನಕ್ಕ ಮೇಲೆ ಹಿತ್ತಲಿಗೆ ಹೋಗಿ ತುಂಬಾ ಹೊತ್ತು ಮುಖ ತೊಳೆದಳು. ಆಮೇಲೆ ನಾನು ಎಂದೂ ಹೆಸರು ಎತ್ತಿಕೊಡಲಿಲ್ಲ.

ಚಿಕ್ಕವಳು ವಾರಿಜ ಆಗ ಹದಿಮೂರರವಳು, ಈಗ ಇಪ್ಪತ್ತು. ಐದು ವರ್ಷ ಅಕ್ಕನ ಬಟ್ಟೆಯನ್ನು ತಂಗಿ ಹಾಕಿದಳು. ಆಮೇಲೆ ತಂಗಿಗೆ ಬಿಗಿಯಾದದ್ದು ಅಕ್ಕನಿಗೆ ಬಂತು. ಮೇದಿನಿಯ ರವಿಕೆಗೆ ನಾನು ಒಳಗೆ ಬಟ್ಟೆ ಬಿಟ್ಟು ಹೊಲಿಯುವುದನ್ನು ನಿಲ್ಲಿಸಿದ್ದೆ, ಬಿಚ್ಚಿ ಅಗಲ ಮಾಡುವ ಪ್ರಮೇಯವಿರಲಿಲ್ಲ. ಬಳೆ ತೊಡಿಸುವವಳು ಹೊಸದಾಗಿ ಬಂದಾಗ ವಾರಿಜಳನ್ನು ತೋರಿಸಿ, "ದೊಡ್ಡೋಳಿಗೆ ಮೊದ್ಲು ತೊಡಿಸ್ಲಾ?" ಅಂದಳು. ವಾರಿಜ ತಟ್ಟನೆ, "ದೊಡ್ಡೋಳು ಅವಳು. ನಮ್ಮಕ್ಕ. ಮೊದಲು ಅವಳಿಗೆ" ಎಂದು ಹಿಂದೆ ಸರಿದು ಕೂತಳು. ಆ ಹುಡುಗಿ ಒಂದು ದಿನವೂ ಅಕ್ಕನನ್ನು ಹೆಸರು ಹಿಡಿದು ಕರೆದಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಮಕ್ಕಳು ಬೆಳೆಯದೆ ಹಾಗೆಯೇ ಇದ್ದುಬಿಡಲಿ ಎಂದು ಆಸೆಪಡುವ ತಾಯಂದಿರನ್ನು ನಾನು ಕಂಡಿದ್ದೇನೆ. ಕೂಸಿನ ಕಾಲ್ಗೆಜ್ಜೆ ಎತ್ತಿಟ್ಟುಕೊಂಡು ಅಳುತ್ತಾರೆ. ನನ್ನ ಆಸೆ ಬೇರೆ. ಕನ್ನಡಿಯಲ್ಲಿ ನನ್ನ ಬೈತಲೆ ಬೆಳ್ಳಗಾದದ್ದು ಕಂಡ ದಿನದಿಂದ ನನಗೆ ಮೇದಿನಿಯ ತಲೆಯಲ್ಲಿ ಒಂದು ನರೆಗೂದಲು ನೋಡಬೇಕು ಅನ್ನಿಸತೊಡಗಿತು. ಅವಳು ಕನ್ನಡಕ ಹಾಕಿ ಪೇಪರು ಓದುವುದನ್ನು ನೋಡಬೇಕು. ಅವಳಿಗೆ ನನ್ನ ಮೇಲೆ ಸಿಡುಕು ಬರಬೇಕು, ವಯಸ್ಸಾದ ಮಗಳಿಗೆ ಮುದಿ ತಾಯಿಯ ಮೇಲೆ ಬರುವಂಥ ಸಿಡುಕು. ನಾನು ಕಣ್ಮುಚ್ಚುವಾಗಲೂ ಅವಳಿಗೆ ಹದಿನೇಳೇ ಆಗಿದ್ದರೆ ಅವಳಿಗೆ ಡಬ್ಬಿ ಕಟ್ಟುವವರು ಯಾರು?

ಈ ಪುಷ್ಯಮಾಸದ ಒಂದು ಗುರುವಾರ ಬೆಳಿಗ್ಗೆ ನಿರಂಜನಮೂರ್ತಿಯವರು ಮನೆಗೆ ಬಂದರು. ಮೀಸೆಯಲ್ಲಿ ಬಿಳಿ ಬಂದಿತ್ತು. ಮೇದಿನಿ ಕಾಲೇಜಿಗೆ ಹೋಗಿರುವ ಹೊತ್ತು ನೋಡಿಯೇ ಬಂದಿದ್ದರು. ಮಜ್ಜಿಗೆ ಕೊಟ್ಟೆ. ಲೋಟ ಕೆಳಗಿಟ್ಟು ಚೀಲದಿಂದ ಒಂದು ಹಾಳೆ ತೆಗೆದರು.

"ಮಂಡಳಿಯೋರು ಒಂದು ಮಾತಿಗೆ ಬಂದಿದ್ದಾರಮ್ಮ. ಇಷ್ಟು ದಿನ ಒಬ್ಬೊಬ್ಬರೇ ಕೇಸಿನಿಂದ ಹೊರಗೆ ಬರೋ ಹಾಗಿರಲಿಲ್ಲ, ಐವತ್ತೂ ಜನ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಈಗ ಬಯಸಿದೋರು ಬರಬಹುದು ಅಂದಿದ್ದಾರೆ. ಸೋಮವಾರ ಹನ್ನೊಂದು ಗಂಟೆಯೊಳಗೆ ಸಹಿ ಆಗಬೇಕು."

"ಸೀಟು?"

"ಸೀಟು ಹೋಗುತ್ತೆ. ಅವಳು ಅಲ್ಲಿ ಓದಿದ್ದೂ ಲೆಕ್ಕಕ್ಕಿಲ್ಲ. ಆದರೆ ಅವತ್ತಿನಿಂದ ಬೆಳೀತಾಳೆ."

"ಸಹಿ ಹಾಕದೆ ಇದ್ರೆ?"

"ಕೇಸು ಗೆದ್ದರೆ ಸೀಟು ಖಾಯಂ. ಗೆಲ್ಲೋದು ಯಾವಾಗ ಅಂತ ನನ್ನ ಕೇಳಬೇಡಿ. ಇಲ್ಲಿ ಮುಗಿದ್ರೆ ಮೇಲಿನ ಕೋರ್ಟು ಅಂತ ಇದೆ. ನಾನು ಅಲ್ಲೀತನಕ ಬದುಕಿದ್ರೆ ವಾದ ಮಾಡ್ತೀನಿ." ನಗಲು ಹೋಗಿ ಆಗಲಿಲ್ಲ. "ಇನ್ನೊಂದು ವಿಷಯ. ಮೇದಿನಿಗೆ ಹದಿನೆಂಟಾಗೋಕೆ ಇನ್ನೂ ಇಪ್ಪತ್ತು ದಿನ ಬಾಕಿ. ಏಳು ವರ್ಷದಿಂದ ಬಾಕಿ. ಅವಳ ಸಹಿ ನಡೆಯಲ್ಲ. ಮೊದಲ ಅರ್ಜಿಗೆ ಸಹಿ ಹಾಕಿದೋರು ನೀವು, ಇದಕ್ಕೂ ನೀವೇ ಹಾಕಬೇಕು. ಅವಳನ್ನ ಕೇಳಲೇಬೇಕು ಅಂತ ಕಾನೂನೇನಿಲ್ಲ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿಯೇಬಿಟ್ಟೆ. "ಆ ಪದ ನನ್ನದು ಅಂತ ಯಾಕೆ ಯಾರಿಗೂ ಹೇಳಲಿಲ್ಲ ನೀವು?"

"ಬರೆದ ಕೈ ನಂದು ತಾಯಿ" ಎಂದು ಹೊರಟುಹೋದರು.

ಹಾಳೆಯನ್ನು ಸಾಸಿವೆ ಡಬ್ಬಿಯ ಕೆಳಗೆ ಇಟ್ಟೆ. ಎರಡು ದಿನ ಒಗ್ಗರಣೆ ಹಾಕುವಾಗೆಲ್ಲ ಅದರ ಅಂಚು ಕಾಣುತ್ತಿತ್ತು. ನಮ್ಮವರನ್ನು ಕೇಳಿದೆ. "ಬಸ್ಸು ಹೊರಡೋ ಟೈಮು ಬರೆಯೋನು ನಾನು, ಹೊರಡಿಸೋನಲ್ಲ ಕಣೇ" ಅಂದರು. ಒಂದು ಸಹಿ ಹಾಕಿದರೆ ನನಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ನರೆಗೂದಲು, ಕನ್ನಡಕ, ಸಿಡುಕು. ಹೋಗುವುದು ಅವಳಿಗೆ ಬೇಕಾದ ಒಂದೇ ಒಂದು. ಶುಕ್ರವಾರ ಪೆನ್ನು ಹಿಡಿದು ಕೂತೆ ಕೂಡ. ಒಮ್ಮೆ ಅವಳನ್ನು ಕೇಳದೆ ಪದ ಹಾಕಿಸಿದ್ದೆ, ಈಗ ಕೇಳದೆ ಸಹಿ ಹಾಕಲೇ? ಪೆನ್ನು ಮುಚ್ಚಿ ಇಟ್ಟೆ.

ಶನಿವಾರ ಮಧ್ಯಾಹ್ನ ಅರ್ಧ ದಿನದ ಕಾಲೇಜು ಮುಗಿಸಿ ಬಂದಳು. ನಾನು ಪಡಸಾಲೆಯಲ್ಲಿ ಹಸಿ ಬಟಾಣಿ ಬಿಡಿಸುತ್ತಿದ್ದೆ. ಅವಳೂ ಕೂತು ಒಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡಳು. ಹಾಳೆಯನ್ನು ತಂದು ಅವಳ ಮುಂದಿಟ್ಟೆ. ಓದಿ ಮುಗಿಸುವವರೆಗೆ ಕಾದೆ.

"ನೀನು ಹಾಕ್ತೀಯಾ?" ಅಂದಳು. ಧ್ವನಿ ಗಟ್ಟಿಯಾಗಿತ್ತು.

"ನೀನು ಹೇಳಿದ್ರೆ."

"ಹಾಕಬೇಡ. ಏಳು ವರ್ಷ ಸುಮ್ನೆ ಕೂತಿದ್ದೀನಾ? ಆ ವಕೀಲ ಮಾಡಿದ ತಪ್ಪಿಗೆ ನಾನ್ಯಾಕಮ್ಮ ಸೀಟು ಬಿಡ್ಲಿ? ತಪ್ಪು ಮಾಡಿದೋರು ಸರಿ ಮಾಡಲಿ."

ಕೈಯಲ್ಲಿದ್ದ ಬಟಾಣಿಕಾಯಿ ತಾನಾಗಿಯೇ ಸೀಳಿತು. ನಾನು ಹೇಳಬೇಕಿದ್ದ ಮಾತು ಏಳು ವರ್ಷ ಇದ್ದಲ್ಲೇ ನಿಂತಿತ್ತು, ಅದಕ್ಕೂ ಯಾರೋ ಕಾಗದ ಅಂಟಿಸಿದ ಹಾಗೆ.

"ತಪ್ಪು ವಕೀಲರದ್ದಲ್ಲ ಮೇದೂ. ಅವರು ಸೀಟು ಅಂತಲೇ ಬರೆದಿದ್ರು. ಮಕ್ಕಳು ಅಂತ ಬರೀರಿ ಅಂತ ಹೇಳಿದೋಳು ನಾನು."

ಅವಳು ಬಿಡಿಸುವುದನ್ನು ನಿಲ್ಲಿಸಿದಳು.

"ಯಾಕೆ?"

"ಸೀಟು ಅಂದ್ರೆ ಬೆಂಚು, ಕುರ್ಚಿ ಅನ್ನಿಸ್ತು. ನನಗೆ ಬೇಕಾಗಿದ್ದದ್ದು ನೀನು. ಓದಿದೋರಿಗೆ ಕರುಣೆ ಬರಲಿ ಅಂತ."

"ಏಳು ವರ್ಷ ಹೇಳಲಿಲ್ಲ."

"ಇಲ್ಲ."

"ನಾನು ಆ ಮನುಷ್ಯನ್ನ ದಿನಾ ಬೈದೆ. ಸಾರು ಬಡಿಸ್ತಾ ಕೇಳಿಸ್ಕೊಂಡೆ ನೀನು."

ಅವಳು ಎದ್ದಳು. ಮಡಿಲಿನ ಬಟಾಣಿ ನೆಲದ ತುಂಬ ಉರುಳಿತು. ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ನಾನು ಒಂದೊಂದೇ ಕಾಳು ಹೆಕ್ಕಿದೆ. ಮಂಚದ ಕೆಳಗೆ ಹೋದದ್ದನ್ನು ಪೊರಕೆಯಲ್ಲಿ ಎಳೆದುಕೊಂಡೆ.

ಆ ದಿನ, ಮರುದಿನ ಅವಳು ನನ್ನೊಡನೆ ಮಾತಾಡಲಿಲ್ಲ. ತಟ್ಟೆ ಹಾಕಿದರೆ ಉಂಡಳು. ನಾಲ್ಕೂವರೆಗೆ ನನ್ನ ಪಕ್ಕ ಕೂರಲಿಲ್ಲ. ಎಡಗೈ ಖಾಲಿ ಇದ್ದರೂ ರೂಢಿಯಂತೆ ಬಲಗೈಯಲ್ಲೇ ಅಕ್ಕಿ ಆರಿಸಿದೆ. ಶನಿವಾರ ಅವಳು ವಾಲಿದ ಗೋಡೆಯ ಹತ್ತಿರ ತುಂಬಾ ಹೊತ್ತು ಕೂತಿದ್ದಳೆಂದು ದೇವೀರಮ್ಮ ಬೀದಿಯಲ್ಲಿ ಸಿಕ್ಕಾಗ ಹೇಳಿದಳು. "ನಿಮ್ಮ ಮಗಳು ಆ ಇಟ್ಟಿಗೆ ಸವರ್ತಾ ಇದ್ಲು ಕಣವ್ವ. ಇದಕ್ಕೆ ಬಿದ್ದುಬಿಡೋಣ ಅನ್ಸುತ್ತಾ ಅಜ್ಜಿ ಅಂತ ಕೇಳಿದ್ಲು. ಅದಕ್ಕೇನು ಅನ್ಸುತ್ತೆ ಮಗಾ, ನನ್ನ ಎಲೆಯಡಿಕೆ ಚೀಲಕ್ಕೆ ಅನುಕೂಲ ಆಗೈತೆ ಅಂದೆ. ಎದ್ದು ಹೋದ್ಲು." ನಿರಂಜನಮೂರ್ತಿಯವರ ಮನೆಗೂ ಹೋಗಿದ್ದಳಂತೆ. ಅಲ್ಲಿ ಏನಾಯಿತೆಂದು ಇಬ್ಬರೂ ಹೇಳಿಲ್ಲ.

ಸೋಮವಾರ ಬೆಳಿಗ್ಗೆ ಡಬ್ಬಿಗೆ ಅವಲಕ್ಕಿ ಹಾಕುತ್ತಿದ್ದೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬಿಳಿ ಕೋಟು ತೋಳಿನ ಮೇಲಿರಲಿಲ್ಲ.

"ಡಬ್ಬಿ ಬೇಡಮ್ಮ. ಸಹಿ ಹಾಕು."

ನಾನು ಸೌಟು ಹಿಡಿದೇ ನಿಂತೆ. "ನನ್ನ ಮೇಲಿನ ಕೋಪಕ್ಕೆ ಬೇಡ ಕಂದ."

"ಕೋಪ ಇದೆ. ಇರಲಿ ಸ್ವಲ್ಪ ದಿನ. ಅದಕ್ಕಲ್ಲ." ಬಾಗಿಲ ಚೌಕಟ್ಟಿಗೆ ಒರಗಿದಳು. "ಮಂಡಳಿಯೋರು ಸೀಟು ಅಂದ್ರು. ಕಾಲೇಜಿನೋರೂ ಸೀಟು ಅಂದ್ರು. ಅಪ್ಪ ಬಸ್ ಸ್ಟ್ಯಾಂಡಲ್ಲಿ ಎಲ್ಲರಿಗೂ ಸೀಟು ಸಿಕ್ತು ಅಂದ್ರು. ನಾನೂ ಇಷ್ಟು ವರ್ಷ ಸೀಟು ಸೀಟು ಅಂತಲೇ ಕೂತೆ. ನೀನೊಬ್ಬಳೇ ಅವತ್ತು ಮಕ್ಕಳು ಅಂದೆ." ಒಳಗೆ ಬಂದು ಡಬ್ಬಿಯ ಮುಚ್ಚಳ ತಾನೇ ಹಾಕಿದಳು. "ಸೀಟು ಅಲ್ಲೇ ಇರಲಿ. ನಾನು ಹೊರಡ್ತೀನಿ. ಪ್ರವೇಶ ಪರೀಕ್ಷೆ ಮತ್ತೆ ಬರೀತೀನಿ, ಇನ್ನೂ ಹದಿನೆಂಟು ತುಂಬಿಲ್ಲವಲ್ಲ ನಂಗೆ. ಸಿಕ್ಕರೆ ಸಿಗಲಿ. ಸಿಗದೆ ಹೋದ್ರೆ ಅತ್ತುಬಿಡ್ತೀನಿ. ಅತ್ತ ಮೇಲೆ ಹತ್ತೊಂಬತ್ತಾದ್ರೂ ಆಗುತ್ತೆ."

ಸಹಿ ಹಾಕಿದೆ. ಅಕ್ಷರ ಸೊಟ್ಟಗಾಯಿತು. ಕೋರ್ಟಿನಲ್ಲಿ ಹಳೆಯ ಸಹಿಗೆ ಹೋಲಿಸಿ ನೋಡಿದ ಗುಮಾಸ್ತ ಹುಬ್ಬೇರಿಸಿದ. "ಏಳು ವರ್ಷ ಆಯ್ತಲ್ಲಪ್ಪ, ನಾನು ನಿಂತಿರಲಿಲ್ಲ" ಅಂದೆ. ಅವನು ಮುದ್ರೆ ಒತ್ತಿದ.

ಮಧ್ಯಾಹ್ನ ಎರಡಕ್ಕೆ ಕಾಲೇಜಿಗೆ ಹೋದೆವು. ಊಟದ ಹೊತ್ತು, ಪಾಠದ ಕೋಣೆಯ ಮುಂದೆ ಯಾರೂ ಇರಲಿಲ್ಲ, ಹಳೆಯ ಗೋಂದಿನ ವಾಸನೆ ಮಾತ್ರ ಇತ್ತು. ಬಾಗಿಲಿನ ಕಾಗದ ಹಳದಿಯಾಗಿತ್ತು. ಮೆಹಬೂಬ್ ಸಾಬರು ಕನ್ನಡಕ ಏರಿಸಿ ನಲವತ್ತೊಂದನೆಯ ಸಾಲನ್ನು ಹುಡುಕಿ, ಅದರ ಮೇಲೆ ಕೆಳಗೆ ಒದ್ದೆ ಬಟ್ಟೆ ಒತ್ತಿದರು. ಉಳಿದವರ ಹೆಸರು ಹರಿಯಬಾರದಲ್ಲ. ಮೂರು ಸಲ ಚಪ್ಪಾಳೆ ತಟ್ಟಿದರು. ಬಾಯಿ ತೆರೆದವರು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ದೂರ ಸರೀರಿ ಅನ್ನೋದು ರೂಢಿ. ನೀವು ಮಾತ್ರ ಹತ್ತಿರ ನಿಲ್ಲಿ ತಾಯಿ."

ಹತ್ತಿರ ನಿಂತೆ. ಬೆರಳಗಲದ ಕಾಗದದ ಪಟ್ಟಿ ಚರ್ರೆಂದು ಬಂತು. ಮೇದಿನಿ ಒಮ್ಮೆ ಮೆಟ್ಟಿಲು ತಪ್ಪಿದವಳ ಹಾಗೆ ಮುಗ್ಗರಿಸಿದಳು, ತೋಳು ಹಿಡಿದುಕೊಂಡೆ. ಅಷ್ಟೇ. ಗುಡುಗಲಿಲ್ಲ, ಮಿಂಚಲಿಲ್ಲ. "ಹೊಟ್ಟೆ ಹಸೀತಿದೆ" ಅಂದಳು.

ಮನೆಯಲ್ಲಿ ಬೆಳಗಿನ ಅವಲಕ್ಕಿ ಡಬ್ಬಿಯಲ್ಲೇ ಇತ್ತು. ವಾರಿಜ ಎದುರಿಗೆ ಕೂತು ಅಕ್ಕ ಉಣ್ಣುವುದನ್ನೇ ನೋಡಿದಳು. "ಇನ್ಮೇಲೆ ವಾರ ವಾರ ಉಗುರು ಕತ್ತರಿಸ್ಕೋಬೇಕು ಅಕ್ಕ, ಗೊತ್ತಾ? ಕತ್ತರಿ ನನ್ ಹತ್ರ ಇದೆ, ಕೇಳಿ ತಗೋ" ಎಂದು ದೊಡ್ಡವಳಂತೆ ಹೇಳಿ, ಅಳು ಬಂದು ಎದ್ದು ಹೋದಳು.

ನಾಲ್ಕೂವರೆಗೆ ಮೊರಕ್ಕೆ ಅಕ್ಕಿ ಸುರಿದುಕೊಂಡು ಕೂತೆ. ಅವಳು ಬರುತ್ತಾಳೆಂದು ಅಂದುಕೊಂಡಿರಲಿಲ್ಲ. ಬಂದು ಪಕ್ಕ ಕೂತು ಪುಸ್ತಕ ತೆರೆದು ಒಮ್ಮೆ ಓದಿದಳು. ಪುಸ್ತಕ ಮುಚ್ಚಿ ದೂರ ತಳ್ಳಿ, ನನ್ನ ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಭುಜದಿಂದ ಇಳಿದು ಬಂದಳು. ಬಳೆ ಸರಿಸಿದಳು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಂತಳು. ನಾನು ಅಕ್ಕಿಯಲ್ಲಿ ಕಣ್ಣು ನೆಟ್ಟು, ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

"ಸ್ಕಾಫಾಯ್ಡ್" ಅಂದಳು. ತಡೆದಳು. "ಲೂನೇಟ್." ನನ್ನ ಕೈಯಲ್ಲಿದ್ದ ಕಲ್ಲು ಮತ್ತೆ ಮೊರಕ್ಕೇ ಬಿತ್ತು. "ಟ್ರೈಕ್ವೆಟ್ರಲ್. ಪಿಸಿಫಾರ್ಮ್, ಇದೇ ನೋಡು, ಬಟಾಣಿ ಕಾಳಿನಷ್ಟು." ಒಂದೊಂದನ್ನೂ ಒತ್ತಿ ಒತ್ತಿ ಎಂಟನ್ನೂ ದಾಟಿದಳು. ಹ್ಯಾಮೇಟ್ ಅಂದವಳು ನಿಲ್ಲಲೇ ಇಲ್ಲ. ಅಂಗೈಯ ಉದ್ದೆಲುಬುಗಳ ಮೇಲೆ ಬೆರಳು ಜಾರಿಸುತ್ತ ನನಗೆ ಗೊತ್ತಿಲ್ಲದ ಹೆಸರುಗಳನ್ನು ಹೇಳುತ್ತ ಹೋದಳು. ಏಳು ವರ್ಷದಲ್ಲಿ ಮೊದಲ ಸಲ ನನಗಿಂತ ಮುಂದೆ ಹೋಗಿದ್ದಳು. ಅವಳ ಹಿಂದೆ ಹೋಗಲು ನನ್ನಿಂದಾಗಲಿಲ್ಲ, ಸುಮ್ಮನೆ ಕೈ ಕೊಟ್ಟು ಕೂತೆ.

ಉಂಗುರದ ಬೆರಳಿಗೆ ಬಂದಾಗ ಅವಳ ಕೈ ನಿಂತಿತು. ನಡುಗಂಟಿನ ಹತ್ತಿರ ಊತವಿತ್ತು, ಬಟ್ಟೆ ಹಿಂಡಿ ಹಿಂಡಿ ಮೂರು ವರ್ಷದಿಂದ ಹಾಗಿದೆ. ಬಾಗಿ ನೋಡಿದಳು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದಳು.

"ಇಲ್ಲಿ ನೋವಿದೆಯಾ ಅಮ್ಮ?"

ಇಲ್ಲ ಅನ್ನುವುದು ನನ್ನ ರೂಢಿ.

"ಇದೆ" ಅಂದೆ. "ತುಂಬಾ ದಿನದಿಂದ ಇದೆ."